ಅಕ್ಕನ ಹನ್ನೊಂದು ವರ್ಷ

ಆ ದಿನ ಬೆಳಿಗ್ಗೆ ಸೂರ್ಯ ಹುಟ್ಟಿದ್ದ, ಬಿಸಿಲು ಹುಟ್ಟಿರಲಿಲ್ಲ. ಆಕಾಶದ ಮೇಲೆ ಯಾರೋ ಹಿಂಡದ ಬಟ್ಟೆ ಹರವಿದ ಹಾಗಿತ್ತು. ಗಾಳಿ ಇಲ್ಲ. ಮಳೆಯೂ ಇಲ್ಲ. ಇಂಥ ದಿನ ನಮ್ಮ ಕೆಲಸದವರಿಗೆ ಆಗಿಬರುವುದಿಲ್ಲ. ತಾರಸಿಯ ಮೇಲೆ ಹಾಕಿದ ಬೆಡ್‌ಶೀಟು ಸಂಜೆಯಾದರೂ ಅರೆಹಸಿಯಾಗಿಯೇ ಇರುತ್ತದೆ. ಅದನ್ನು ಇಸ್ತ್ರಿ ಯಂತ್ರಕ್ಕೆ ಕೊಟ್ಟರೆ ಹಬೆ ಎದ್ದು ಮುಖಕ್ಕೆ ಹೊಡೆಯುತ್ತದೆ.

ನಾನು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಹನ್ನೆರಡು ವರ್ಷದಿಂದ ಅದೇ ನೆಲಮಾಳಿಗೆ, ಅದೇ ಬ್ಲೀಚಿನ ವಾಸನೆ. ಅಕ್ಕನೂ ಅಲ್ಲೇ ಇದ್ದಳು. ಎರಡು ತಿಂಗಳ ಹಿಂದೆ ಅವಳನ್ನು ತೆಗೆದುಹಾಕಿದ್ದರು.

ಆ ಬೆಳಿಗ್ಗೆ ಅಕ್ಕ ನನಗಿಂತ ಮೊದಲು ಎದ್ದಿದ್ದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಬಾಗಿಲ ಬಳಿ ಕೂತು, ಬಲಗೈಯನ್ನು ಎಡಗೈಯಿಂದ ಎತ್ತಿ ಎತ್ತಿ ತಲೆ ಬಾಚಿಕೊಳ್ಳುತ್ತಿದ್ದಳು. ಆ ಬಲಗೈ ಭುಜದಿಂದ ಮೇಲೆ ತಾನಾಗಿ ಏಳುತ್ತಿರಲಿಲ್ಲ.

“ಪುಟ್ಟೀ, ನಾನು ಇವತ್ತು ಪಿಂಚಣಿ ಆಫೀಸಿಗೆ ಹೋಗಿ ಬರ್ತೀನಿ ಕಣೆ” ಎಂದಳು.

ಅರವತ್ತೆಂಟು ವರ್ಷದ ನನ್ನನ್ನು ಪುಟ್ಟಿ ಎಂದು ಕರೆಯುವವಳು ಲೋಕದಲ್ಲಿ ಅವಳೊಬ್ಬಳೇ. ನಾವು ಅವಳಿ. ಅವಳು ನನಗಿಂತ ಒಂದು ಗಳಿಗೆ ದೊಡ್ಡವಳು. ಆ ಒಂದು ಗಳಿಗೆಯ ಹಿರಿತನವನ್ನು ಅವಳು ಬದುಕಿಡೀ ಬಿಟ್ಟುಕೊಟ್ಟವಳಲ್ಲ.

“ಅಲ್ಲಿ ಹೋಗಿ ಏನಂತ ಹೇಳ್ತೀಯಕ್ಕ?”

“ಇರೋದನ್ನ ಹೇಳ್ತೀನಿ. ಅರವತ್ತೆಂಟು.”

“ಕಾರ್ಡಲ್ಲಿ ಐವತ್ತೇಳು ಅಂತಿದೆಯಲ್ಲ.”

“ಕಾರ್ಡಿಗೆ ಬಾಯಿದೆಯಾ? ನನಗಿದೆ. ಮುಖ ನೋಡಿದ್ರೆ ಗೊತ್ತಾಗಲ್ವಾ ಅವರಿಗೆ? ಇಷ್ಟು ಸುಕ್ಕು ಐವತ್ತೇಳಕ್ಕೆ ಬರುತ್ತಾ?”

“ನಮ್ಮಂಥೋರಿಗೆ ಬರುತ್ತೆ.”

ಅಕ್ಕ ನಕ್ಕಳು. ನನ್ನನ್ನು ಜೊತೆಗೆ ಬಾ ಎನ್ನಲಿಲ್ಲ. ನಾನೂ ಬರುತ್ತೇನೆ ಎನ್ನಲಿಲ್ಲ. ನಮ್ಮಿಬ್ಬರದು ಒಂದೇ ಮುಖ. ಅವಳ ಪಕ್ಕ ನಾನು ನಿಂತರೆ ಕೇಳುವವರು ನನ್ನ ವಯಸ್ಸನ್ನೂ ಕೇಳುತ್ತಾರೆ. ಅದು ಇಬ್ಬರಿಗೂ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಇಬ್ಬರೂ ಗಂಡಂದಿರನ್ನು ಕಳೆದುಕೊಂಡು, ಒಂದು ಕೋಣೆ ಬಾಡಿಗೆಗೆ ಹಿಡಿದು, ಕೆಲಸ ಹುಡುಕಿಕೊಂಡು ಹೋದೆವು. ಅವಳಿಗೆ ಮಕ್ಕಳಾಗಲಿಲ್ಲ. ನನಗೆ ಆದವು ಉಳಿಯಲಿಲ್ಲ. ಲಾಂಡ್ರಿಯ ಬಾಗಿಲಿಗೆ ಒಂದು ಬೋರ್ಡು ತೂಗುಹಾಕಿದ್ದರು. ನಲವತ್ತೈದು ದಾಟಿದ ಹೆಂಗಸರು ಬರಬೇಡಿ ಎಂದು. ಓದಿ ಹೇಳಿದವನು ಕಾವಲುಗಾರ. ನಮಗೆ ಆಗ ಐವತ್ತಾರು. ಮನೆಯಲ್ಲಿ ಹಿಟ್ಟಿರಲಿಲ್ಲ. ಅಕ್ಕ ಎರಡು ಹೆಜ್ಜೆ ಹಿಂದೆ ಬಂದಳು, ನನ್ನ ಕೈ ಹಿಡಿದಳು, ಮತ್ತೆ ಮುಂದೆ ಹೋದಳು.

“ನಲವತ್ತೈದು ಸ್ವಾಮಿ. ಇಬ್ಬರಿಗೂ. ನಾವು ಅವಳಿ” ಎಂದಳು.

ಆಗಿದ್ದ ಮುದಿ ಮೇಸ್ತ್ರಿ ನಮ್ಮ ಮುಖ ನೋಡಿ ನಕ್ಕ. ಆಮೇಲೆ ನಮ್ಮ ತೋಳು ನೋಡಿದ. ನಗುವುದನ್ನು ನಿಲ್ಲಿಸಿ ಬರೆದುಕೊಂಡ. ಅವನಿಗೆ ಗೊತ್ತಿತ್ತು. ಅವನಿಗೆ ಬೇಕಾಗಿದ್ದು ಭಾರ ಎತ್ತಿ ರೂಢಿಯಿದ್ದ ನಾಲ್ಕು ಕೈ. ನಾವು ಹುಟ್ಟಿದ್ದಕ್ಕೆ ಕಾಗದ ಇರಲಿಲ್ಲ. ಹೆತ್ತವಳ ಬಾಯಿಯೇ ಕಾಗದವಾಗಿತ್ತು, ಅವಳು ಸತ್ತು ಯಾವ ಕಾಲವಾಯಿತು. ಮೇಸ್ತ್ರಿ ಬರೆದದ್ದನ್ನು ನೋಡಿ ಲಾಂಡ್ರಿಯ ಕಾರ್ಡು ಮಾಡಿದರು. ಲಾಂಡ್ರಿಯ ಕಾರ್ಡು ನೋಡಿ ಸರ್ಕಾರದ ಕಾರ್ಡು ಮಾಡಿದರು. ಹಸಿದ ಹೊಟ್ಟೆಯಿಂದ ಬಂದ ಒಂದು ಮಾತು ಹೋದಲ್ಲೆಲ್ಲ ಮುದ್ರೆ ಹಾಕಿಸಿಕೊಂಡು ನಿಜವಾಗಿಬಿಟ್ಟಿತು.

ಅಂದಿನಿಂದ ರಜೆಯ ದಿನ ಬಂದರೆ ನಮಗೊಂದು ಕೆಲಸ. ಕಪ್ಪು ಪುಡಿಯನ್ನು ನೀರಲ್ಲಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಬ್ಬರ ತಲೆಗೆ ಒಬ್ಬರು ಹಚ್ಚುವುದು. ನೆತ್ತಿ ಉರಿಯುತ್ತಿತ್ತು. ಕಿವಿಯ ಹಿಂದೆ ಗುಳ್ಳೆ ಏಳುತ್ತಿದ್ದವು. ಪ್ರತಿ ಸಲ ನಾನು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಳ್ಳುತ್ತಿದ್ದೆ: ತಂದೆ, ನೀನು ಕೊಟ್ಟದ್ದನ್ನು ಬೇಡ ಅನ್ನುತ್ತಿಲ್ಲ, ಸ್ವಲ್ಪ ಬಚ್ಚಿಡುತ್ತಿದ್ದೇವೆ ಅಷ್ಟೆ. ಲಾಂಡ್ರಿಯ ಹಬೆಗೆ ಬೆವರು ಇಳಿದರೆ ಹಣೆಯ ಮೇಲೆ ಕಪ್ಪು ಗೆರೆ ಇಳಿಯುತ್ತಿತ್ತು. ಇಸ್ತ್ರಿ ಯಂತ್ರದಲ್ಲಿ ಕೆಲಸ ಮಾಡುವ ಹುಡುಗಿ ಬಾಯಿಬಡುಕಿ, ಆದರೆ ಮನಸ್ಸು ಒಳ್ಳೆಯದು. “ಅಮ್ಮಾ, ಮಳೆ ಬಂತು, ಮೋಡ ಕರಗ್ತಿದೆ, ಒರೆಸ್ಕೊಳ್ಳಿ” ಎಂದು ಪಿಸುಗುಟ್ಟಿ ತನ್ನ ಏಪ್ರನ್ನಿನ ತುದಿ ಕೊಡುತ್ತಿದ್ದಳು.

ಕೆಲಸವೆಂದರೆ ಏನು ಎಂದು ಹೇಳಬೇಕು. ಒಣಗಿದ ಶೀಟು ಹೂವಿನ ಹಾಗೆ. ಒದ್ದೆಯಾದ ಶೀಟು ಕಲ್ಲು. ಯಂತ್ರದಿಂದ ಒಂದು ಸಲಕ್ಕೆ ನಲವತ್ತು ಶೀಟು ಹೊರಬರುತ್ತವೆ, ಒಂದಕ್ಕೊಂದು ಹೆಣೆದುಕೊಂಡು. ಸೊಂಟದವರೆಗೆ ಬಗ್ಗಿ, ಎಳೆದು, ಬಿಡಿಸಿ, ಗಾಡಿಗೆ ಎತ್ತಿಹಾಕಬೇಕು. ಯಂತ್ರಕ್ಕೆ ಹಾಕುವ ಮೊದಲು ಅವುಗಳಲ್ಲಿ ರಕ್ತ ಇರುತ್ತದೆ, ಕೀವು ಇರುತ್ತದೆ, ಹೇಲು ಇರುತ್ತದೆ. ಒಮ್ಮೊಮ್ಮೆ ಸೂಜಿ ಇರುತ್ತದೆ. ಬ್ಲೀಚು ಉಗುರಿನ ಬುಡ ತಿನ್ನುತ್ತದೆ. ನಮ್ಮ ಬೆರಳಿನ ತುದಿ ನುಣ್ಣಗಾಗಿ ನಾಣ್ಯ ಎತ್ತಲು ಬಾರದಂತಾಗಿತ್ತು.

ಮಡಿಸುವ ಕೆಲಸ ಮಾತ್ರ ಚೆಂದ. ಅದಕ್ಕೆ ಇಬ್ಬರು ಬೇಕು. ಆ ತುದಿ ಒಬ್ಬಳು, ಈ ತುದಿ ಒಬ್ಬಳು. ಎಳೆದು, ಒದರಿ, ಒಬ್ಬಳ ಕಡೆಗೆ ಒಬ್ಬಳು ನಡೆದು, ಕೈಗೆ ಕೈ ಕೂಡಿಸಿ, ಮತ್ತೆ ಹಿಂದೆ ಹೋಗುವುದು. ಹನ್ನೆರಡು ವರ್ಷ ನಾನು ಅಕ್ಕನ ಕಡೆಗೆ ದಿನಕ್ಕೆ ಮುನ್ನೂರು ಸಲ ನಡೆದಿದ್ದೇನೆ.

ಎರಡು ತಿಂಗಳ ಹಿಂದೆ ಮೇಲಿನಿಂದ ಒಬ್ಬ ಅಧಿಕಾರಿ ಬಂದ. ಕೈಯಲ್ಲಿ ಗಡಿಯಾರ. ಮಡಿಸುವವರ ಎದುರು ನಿಂತು ಎಣಿಸಿದ. ಅಕ್ಕನ ಬಲಗೈ ಅರ್ಧಕ್ಕೆ ಬಂದು ನಿಂತಿತು. ಅವಳು ಹಲ್ಲು ಕಚ್ಚಿದಳು. ಕೈ ಏಳಲಿಲ್ಲ. ಶೀಟಿನ ತುದಿ ನೆಲಕ್ಕೆ ತಾಗಿತು.

ಈಗಿನ ಮೇಸ್ತ್ರಿ ಮೂವತ್ತು ದಾಟದವನು. ಕೆಟ್ಟವನಲ್ಲ. ಸಂಜೆ ಅಕ್ಕನನ್ನು ಕರೆದು, “ನಾಳೆಯಿಂದ ಬರಬೇಡಿ ಅಮ್ಮ” ಎಂದ. “ವಯಸ್ಸಿನ ಪ್ರಶ್ನೆ ಅಲ್ಲ. ಅರವತ್ತು ತುಂಬಿದ್ರೆ ಲಾಂಡ್ರಿ ಕಂಪನಿಯೋರು ಏನಾದ್ರೂ ಕೊಟ್ಟು ಕಳಿಸ್ತಿದ್ರು. ನಿಮಗಿನ್ನೂ ಐವತ್ತೇಳು. ಇದು ಕೈ ಪ್ರಶ್ನೆ.”

ಅಕ್ಕ ಅವನನ್ನು ನೋಡಿ, “ಕೈಗೆ ಎಷ್ಟು ವಯಸ್ಸು ಅಂತ ಬರ್ಕೊಂಡಿದ್ದೀರಪ್ಪಾ?” ಎಂದು ಕೇಳಿದಳು. ಅವನು ತಮಾಷೆ ಎಂದುಕೊಂಡು ನಕ್ಕ.

ಪಿಂಚಣಿ ಅರವತ್ತೈದಕ್ಕೆ. ಅಕ್ಕನಿಗೆ ಅರವತ್ತೆಂಟು. ಆದರೆ ಅವಳು ನಿಜ ಹೇಳಿದರೆ ಅದು ನನ್ನ ನಿಜವೂ ಆಗುತ್ತದೆ. ಅವಳಿಯ ಪಾಡು ಅದು. ಸುಳ್ಳು ಲೆಕ್ಕ ಕೊಟ್ಟವಳೆಂದು ನನ್ನನ್ನು ಅವತ್ತೇ ಹೊರಗೆ ಹಾಕುತ್ತಾರೆ. ಕೋಣೆಯ ಬಾಡಿಗೆ ನಿಂತಿರುವುದು ನನ್ನ ದುಡಿಮೆಯ ಮೇಲೆ. ಅದಕ್ಕೇ ಎರಡು ತಿಂಗಳು ಅಕ್ಕ ಸುಮ್ಮನಿದ್ದಳು. ನನ್ನ ತಟ್ಟೆಗೆ ಬಡಿಸಿ, ತಾನು ಆಗಲೇ ಉಂಡಾಯಿತು ಎನ್ನಲು ಶುರುಮಾಡಿದ್ದಳು. ಉಂಡಿರುತ್ತಿರಲಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿದ ಮೇಲೆ ಆ ಬೆಳಿಗ್ಗೆ ಎದ್ದು ಹೊರಟಳು.

ಹತ್ತೂವರೆ ಹನ್ನೊಂದರ ಹೊತ್ತಿಗೆ ಮೇಸ್ತ್ರಿಯ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಅವನು ಬಾಗಿಲಿಗೆ ಬಂದು ನನ್ನನ್ನು ಕೂಗಿದ.

“ಬನ್ನಿ ಇಲ್ಲಿ. ನಿಮ್ಮಕ್ಕ ಯಾವುದೋ ಆಫೀಸಲ್ಲಿ ಪಟ್ಟು ಹಿಡಿದು ಕೂತಿದ್ದಾರಂತೆ. ನಿಮ್ಮನ್ನ ಕೇಳಿ ಅಂತಿದ್ದಾರಂತೆ.”

ಕೈ ಒರೆಸಿಕೊಂಡು ಹೋದೆ. ಅವನು ಚಹಾದ ಲೋಟ ಹಿಡಿದು ನನ್ನ ಪಕ್ಕದಲ್ಲೇ ನಿಂತ. ಫೋನಿನಲ್ಲಿ ಒಬ್ಬ ಹೆಂಗಸಿನ ದನಿ. ಆಫೀಸಿನ ಗುಮಾಸ್ತೆ.

“ನೀವು ಇವರ ಅವಳಿ ತಂಗೀನಾ?”

“ಹೌದು ಮೇಡಂ.”

“ನಿಮ್ಮ ವಯಸ್ಸೆಷ್ಟು, ಸರಿಯಾಗಿ ಹೇಳಿ.”

ಆ ದನಿಯ ಹಿಂದೆ, ದೂರದಲ್ಲಿ, ಅಕ್ಕನ ದನಿ ಕೇಳಿಸಿತು. “ಹೇಳು ಪುಟ್ಟಿ. ಇರೋದು ಹೇಳು.” ಬೇಡುವ ದನಿಯಲ್ಲ. ಚಿಕ್ಕಂದಿನಲ್ಲಿ ಹಳ್ಳ ದಾಟಿಸುವಾಗ, ‘ಇಡು ಹೆಜ್ಜೆ, ನಾನಿದ್ದೀನಿ’ ಎನ್ನುತ್ತಿದ್ದಳಲ್ಲ, ಆ ದನಿ.

ಮೇಸ್ತ್ರಿ ಚಹಾ ಊದಿದ.

“ಐವತ್ತೇಳು” ಎಂದೆ.

“ನಿಮ್ಮಕ್ಕ ಅರವತ್ತೆಂಟು ಅಂತಾರಲ್ಲ?”

ಅಲ್ಲಿಗೆ ಬಿಡಬಹುದಿತ್ತು. ಐವತ್ತೇಳು ಎಂದು ಇನ್ನೊಮ್ಮೆ ಹೇಳಿ ಫೋನು ಇಡಬಹುದಿತ್ತು. ಹೆದರಿದ ನಾಲಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದಿಲ್ಲ.

“ಅವಳಿಗೆ ಈಚೆಗೆ ಮರೆವು ಮೇಡಂ” ಎಂದೆ.

ಈ ಮಾತನ್ನು ನನ್ನಿಂದ ಯಾರೂ ಕೇಳಿರಲಿಲ್ಲ. ನಾನೇ ಎತ್ತಿಕೊಟ್ಟೆ. ವಯಸ್ಸಾದವರ ಬಾಯಿ ಮುಚ್ಚಿಸಲು ಲೋಕ ಇಟ್ಟುಕೊಂಡಿರುವ ಬಟ್ಟೆ ಅದು. ನಾನು ಅದನ್ನು ನನ್ನ ಕೈಯಾರೆ ಮಡಿಸಿ ಕೊಟ್ಟೆ.

“ಅಯ್ಯೋ, ಹೌದಾ. ಸರಿ ಸರಿ” ಎಂದಳು ಗುಮಾಸ್ತೆ. ಅವಳ ದನಿ ತಟ್ಟನೆ ಮೆತ್ತಗಾಯಿತು. ಫೋನು ಕಟ್ಟಾಯಿತು.

“ಏನಂತೆ?” ಎಂದ ಮೇಸ್ತ್ರಿ.

“ಏನಿಲ್ಲ.”

ಹೋಗಿ ಯಂತ್ರದ ಬಾಯಿಗೆ ತಲೆ ಕೊಟ್ಟು ಬಟ್ಟೆ ಎಳೆಯತೊಡಗಿದೆ. ಅಲ್ಲಿ ಅತ್ತರೆ ಹಬೆ ಎಂದುಕೊಳ್ಳುತ್ತಾರೆ.

ಸಂಜೆ ಕೋಣೆಗೆ ಬಂದಾಗ ಅಕ್ಕ ಗಂಜಿ ಕಾಸಿ ಇಟ್ಟಿದ್ದಳು. ಬೈಯಲಿ ಎಂದು ಕಾದೆ. ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಲಿ ಎಂದು ಕಾದೆ. ಅವಳು ತಟ್ಟೆ ಇಟ್ಟಳು. ಗಂಜಿ ಹಾಕಿದಳು. ಎದುರಿಗೆ ಕೂತಳು.

“ನನಗೆ ಮರೆವಾ ಪುಟ್ಟಿ?” ಎಂದು ಕೇಳಿದಳು. ಒಂದೇ ಸಲ.

ನಾನು ಗಂಜಿಯಲ್ಲಿ ಬೆರಳಾಡಿಸುತ್ತ ಕೂತೆ.

“ಉಣ್ಣು. ಆರಿಹೋಗುತ್ತೆ” ಎಂದಳು.

ಆಮೇಲೆ ತಾನೇ ಮಾತು ತೆಗೆದಳು. “ಆ ಹೆಂಗಸು ಮೊದಲು ನನ್ನ ಬೈತಿದ್ಲು ಕಣೆ. ಸುಳ್ಳು ಹೇಳ್ತೀಯ, ಟೈಮು ಹಾಳು ಮಾಡ್ತೀಯ ಅಂತ. ಅದು ಚೆನ್ನಾಗಿತ್ತು. ನಾನೂ ಬೈದೆ. ಫೋನಿಟ್ಟ ಮೇಲೆ ಎದ್ದು ಬಂದು ನನ್ನ ಭುಜ ಹಿಡ್ಕೊಂಡ್ಲು. ಕಿವುಡರ ಹತ್ತಿರ ಮಾತಾಡ್ತಾರಲ್ಲ, ಹಾಗೆ, ‘ಅಜ್ಜೀ, ಮನೆಗೆ ಹೋಗೋ ದಾರಿ ಗೊತ್ತಾಗುತ್ತಾ?’ ಅಂದ್ಲು. ಇಡೀ ಸಾಲು ನನ್ನ ಕಡೆ ನೋಡ್ತು.” ಸ್ವಲ್ಪ ನಕ್ಕಳು. “ಎಂಟು ವರ್ಷ ಬಿಟ್ಟು ಬನ್ನಿ ಅಜ್ಜಿ, ನಿಮಗಿನ್ನೂ ವಯಸ್ಸಾಗಿಲ್ಲ ಅಂದ್ಲು. ಅಜ್ಜಿನೂ ನಾನೇ, ವಯಸ್ಸಾಗದೇ ಇರೋಳೂ ನಾನೇ. ಒಂದೇ ಉಸಿರಲ್ಲಿ.”

“ಅಕ್ಕ, ಮೇಸ್ತ್ರಿ ಪಕ್ಕದಲ್ಲೇ ಇದ್ದ…”

“ಗೊತ್ತು ಬಿಡು. ನಾನು ನಿನ್ನ ಹೆಸರು ಎತ್ತಬಾರದಿತ್ತು.”

ಅವಳು ನನ್ನ ತಪ್ಪನ್ನೂ ಎತ್ತಿ ತನ್ನ ಮೇಲೆ ಹಾಕಿಕೊಂಡಳು.

ಮುಂದಿನ ರಜೆಯ ದಿನ ಕಪ್ಪು ಪುಡಿ ಕಲಸಿದೆ. ಅಕ್ಕ ದೂರ ಕೂತಳು.

“ನನಗೆ ಬೇಡ. ಬಾ, ನಿನಗೆ ಹಚ್ತೀನಿ.”

“ನಿನಗ್ಯಾಕೆ ಬೇಡ?”

“ಯಾರಿಗೆ ತೋರಿಸೋಕೆ ಇನ್ನು?”

ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ನನ್ನ ತಲೆಯ ಒಂದೊಂದು ಎಳೆಗೂ ಹಚ್ಚಿದಳು. ನೋವಿಗೆ ಅವಳ ಉಸಿರು ನನ್ನ ಕುತ್ತಿಗೆಗೆ ಬಿಸಿಯಾಗಿ ತಾಗುತ್ತಿತ್ತು. ಮುಂದಿನ ವಾರಗಳಲ್ಲಿ ಅವಳ ತಲೆ ಬುಡದಿಂದ ಬೆಳ್ಳಗಾಗುತ್ತ ಬಂತು. ಒಂದೇ ಮುಖ. ಒಂದು ಮುದಿಯಾಯಿತು, ಇನ್ನೊಂದಕ್ಕೆ ಮುದಿಯಾಗಲು ಅಪ್ಪಣೆ ಇರಲಿಲ್ಲ.

ಅಕ್ಕ ನಾಲ್ಕು ಮಹಡಿಯ ಒಂದು ಕಟ್ಟಡದಲ್ಲಿ ಮೆಟ್ಟಿಲು ಒರೆಸುವ ಕೆಲಸ ಹಿಡಿದಳು. ನಾನು ಬೇಡವೆಂದೆ. “ಮೆಟ್ಟಿಲು ಕೆಳಗಿರುತ್ತೆ ಪುಟ್ಟಿ, ಕೈ ಎತ್ತೋ ಹಾಗಿಲ್ಲ. ನನಗೆ ಅಂತಾನೇ ಕಟ್ಟಿದ್ದಾರೆ” ಎಂದಳು. ಬಕೆಟನ್ನು ಒಂದೊಂದು ಮೆಟ್ಟಿಲಿಗೂ ಇಟ್ಟು, ಕೂತು, ಒರೆಸಿ, ಕೂತುಕೊಂಡೇ ಕೆಳಗಿನ ಮೆಟ್ಟಿಲಿಗೆ ಜಾರುವುದು. ಹತ್ತುವವರು ಇಳಿಯುವವರು ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಕೆಲವರು ಕಾಲಿನಿಂದಲೇ ಬಕೆಟ್ಟು ಸರಿಸುತ್ತಿದ್ದರು. ನಾಲ್ಕನೆಯ ಮಹಡಿಯ ಯಜಮಾನಿಗೆ ಮರುಕ ಜಾಸ್ತಿ.

“ಪಾಪ, ಈ ವಯಸ್ಸಲ್ಲಿ ಯಾಕಮ್ಮ ದುಡೀತೀರಾ? ಮನೇಲಿ ಯಾರೂ ನೋಡ್ಕೊಳ್ಳಲ್ವಾ?”

“ಇನ್ನೂ ವಯಸ್ಸಾಗಿಲ್ಲ ಅಂತ ಸರ್ಕಾರ ಹೇಳಿದೆ ತಾಯಿ. ಆದ ಮೇಲೆ ಕೂತ್ಕೋತೀನಿ” ಎಂದಳಂತೆ ಅಕ್ಕ.

ಇದನ್ನು ನನಗೆ ಹೇಳಿ ಇಬ್ಬರೂ ನಕ್ಕಿದ್ದೆವು. ಹತ್ತು ದಿನ ಕಳೆಯುವುದರೊಳಗೆ ಆ ನಾಲ್ಕನೆಯ ಮಹಡಿಯಲ್ಲೇ ಜಾರಿ ಬಿದ್ದಳು. ಒದ್ದೆ ಮೆಟ್ಟಿಲು. ಸೊಂಟದ ಮೂಳೆ ಮುರಿಯಿತು.

ನಮ್ಮ ಆಸ್ಪತ್ರೆಗೇ ತಂದರು. ಅಲ್ಲಿ ಅರವತ್ತೈದು ದಾಟಿದವರಿಗೆ ಬೇರೆ ವಾರ್ಡಿದೆ. ಮಂಚಕ್ಕೆ ಅಡ್ಡಪಟ್ಟಿ ಇರುತ್ತದೆ, ಜೊತೆಗೆ ಒಬ್ಬರು ಹಗಲೂ ರಾತ್ರಿ ಇರಬಹುದು, ತುತ್ತು ಕಲಸಿ ತಿನ್ನಿಸುವ ಆಯಾ ಇರುತ್ತಾಳೆ. ಚೀಟಿ ಬರೆಯುವವನು ಅಕ್ಕನ ಬಿಳಿ ತಲೆ ನೋಡಿದ, ಕಾರ್ಡು ನೋಡಿದ. ಸಾಮಾನ್ಯ ವಾರ್ಡಿಗೆ ಬರೆದ. ಮೂರನೆಯ ಮಹಡಿ, ಇಪ್ಪತ್ತಮೂರನೆಯ ಮಂಚ. ನೋಡಲು ಬರುವವರಿಗೆ ದಿನಕ್ಕೆ ಒಂದು ಗಂಟೆ.

ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಅದನ್ನೇ ಅಂದುಕೊಂಡೆ.

ಅವಳು ಮೇಲೆ, ನಾನು ಕೆಳಗೆ. ಮಧ್ಯಾಹ್ನ ಊಟದ ಬಿಡುವಿಗೆ ಓಡಿಹೋಗುತ್ತಿದ್ದೆ. ಎರಡನೆಯ ದಿನ ಹೋದಾಗ ನರ್ಸು ಗದರಿಸುತ್ತಿದ್ದಳು. “ಐವತ್ತೇಳಕ್ಕೇ ಹೀಗೆ ಮೈ ಬಿಟ್ರೆ ಹೇಗಮ್ಮ? ಮನಸ್ಸು ಗಟ್ಟಿ ಮಾಡಿ. ಆ ಮಂಚದೋರು ಎಪ್ಪತ್ತು, ಸಂಜೆ ಹಿರಿಯರ ವಾರ್ಡಿಗೆ ಹೋಗೋರು, ಎದ್ದು ಕೂತಿಲ್ವಾ?” ಅಕ್ಕ ಆ ಎಪ್ಪತ್ತರ ಹೆಂಗಸಿನ ಕಡೆ ನೋಡಿ, “ಎರಡು ವರ್ಷಕ್ಕೆ ದೊಡ್ಡೋರು, ಗಟ್ಟಿಮುಟ್ಟಾಗಿದ್ದಾರೆ” ಎಂದಳು. ನರ್ಸು ನನ್ನ ಕಡೆ ತಿರುಗಿ, ತಲೆಯ ಪಕ್ಕ ಬೆರಳು ತಿರುಗಿಸಿ, ‘ಯಾವಾಗಿಂದ?’ ಎಂಬಂತೆ ಹುಬ್ಬು ಹಾರಿಸಿದಳು.

ಅಕ್ಕನ ಬೆರಳು ಶೀಟಿನ ಅಂಚು ಹುಡುಕುತ್ತಿತ್ತು. “ಇದು ನೀನು ಮಡಿಸಿದ್ದಲ್ಲ” ಎಂದಳು. “ಅಂಚಿಗೆ ಅಂಚು ಕೂಡಿಲ್ಲ.”

“ಹೊಸ ಹುಡುಗಿ. ಇನ್ನೂ ಕಲೀತಿದ್ದಾಳೆ. ಅಕ್ಕ, ನಾಳೆ ನಾನು ಎಲ್ಲಾ ಹೇಳಿಬಿಡ್ತೀನಿ. ಆ ವಾರ್ಡಿಗೆ ಹಾಕಿಸ್ತೀನಿ. ರಾತ್ರಿ ನಾನೇ ಜೊತೇಲಿರ್ತೀನಿ.”

“ಬೇಡ. ಹೇಳಿ ಇಬ್ಬರೂ ಬೀದಿಗೆ ಬೀಳೋದಾ? ಒಬ್ಬಳಾದ್ರೂ ದುಡಿ.”

ನಾನು ಅವಳ ಪಾದ ಒತ್ತುತ್ತ ಕೂತೆ. ತಣ್ಣಗಿದ್ದವು. ಗಂಟೆ ಮುಗಿಯಿತೆಂದು ಕಾವಲುಗಾರ ಬಾಗಿಲು ಬಡಿದ. ಎದ್ದೆ.

“ಪುಟ್ಟಿ” ಎಂದಳು. “ಐವತ್ತೇಳು ಅಂದ್ಯಲ್ಲ, ಅದಕ್ಕೆ ನನಗೆ ಬೇಜಾರಿಲ್ಲ. ಆ ಸುಳ್ಳು ನಾನೇ ಹೇಳಿಕೊಟ್ಟಿದ್ದು. ಮರೆವು ಅಂದ್ಯಲ್ಲ. ಅದೊಂದು ಬೇಡವಾಗಿತ್ತು.”

ಅವಳು ಮುಖ ತಿರುಗಿಸಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ನಾನೇ ಮೊದಲು ಕಣ್ಣು ತೆಗೆದದ್ದು.

ನಮ್ಮ ಲಾಂಡ್ರಿಯಲ್ಲಿ ಒಂದು ರೂಢಿಯಿದೆ. ವಾರ್ಡಿನ ಮಂಚಗಳ ಶೀಟಿಗೆ ಮೂಲೆಯಲ್ಲಿ ಮಂಚದ ಅಂಕಿ ಬರೆದಿರುತ್ತಾರೆ. ವಾಸಿಯಾಗಿ ಮನೆಗೆ ಹೋದವರ ಶೀಟು ಬಿಡಿಯಾಗಿ ಬರುತ್ತದೆ. ತೀರಿಕೊಂಡವರದನ್ನು ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಕಳಿಸುತ್ತಾರೆ, ಬೇರೆ ಕುದಿನೀರಿಗೆ ಹಾಕಲಿ ಎಂದು. ಅಷ್ಟು ಆಸ್ಪತ್ರೆಯ ನಿಯಮ. ಮುಂದಿನದು ನಮ್ಮದು. ಗಂಟು ಬಿಚ್ಚುವ ಮೊದಲು ಅದರ ಮೇಲೆ ಅಂಗೈ ಇಟ್ಟು ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತೇವೆ. ಯಾರೂ ಕಲಿಸಿದ್ದಲ್ಲ. ಯಾವ ದೇವರ ಹೆಸರೂ ಹೇಳುವುದಿಲ್ಲ. ಯಾರದೋ ಮೈಯ ಬಿಸಿ ಅದರಲ್ಲಿ ಇನ್ನೂ ಇರುತ್ತದೆ. ಹೊಸ ಮೇಸ್ತ್ರಿ ಬಂದಾಗ ಇದೇನು ಟೈಮ್ ವೇಸ್ಟು ಎಂದಿದ್ದ. ಆಮೇಲೆ ನೋಡಿಯೂ ನೋಡದ ಹಾಗೆ ಇರಲು ಕಲಿತ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಮೂರನೆಯ ಮಹಡಿಯ ಗಾಡಿ ಬಂತು. ಅದರ ಮೇಲೊಂದು ಗಂಟು. ಇಸ್ತ್ರಿಯ ಹುಡುಗಿ ಅದನ್ನು ಎತ್ತಿಕೊಂಡಳು. ಅಂಗೈ ಇಟ್ಟಳು. ಕಣ್ಣು ಮುಚ್ಚಿ ತೆರೆದಳು. ಮೂಲೆಯ ಅಂಕಿ ಕಂಡಿತು. ಅವಳ ಬಾಯಿ ತೆರೆದು ಹಾಗೇ ನಿಂತಿತು. ಗಂಟನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದಳು.

ಅಕ್ಷರ ನನಗೆ ಬಾರದು. ಅಂಕಿ ಬರುತ್ತದೆ. ಇಪ್ಪತ್ತಮೂರು.

ಮೇಲಿನವರು ಮನೆಯವರಿಗೆ ಹೇಳಿಕಳಿಸುವ ಮೊದಲು ಬಟ್ಟೆ ಕಳಿಸಿದ್ದರು. ಮಂಚ ಇನ್ನೊಬ್ಬರಿಗೆ ಬೇಕಾಗಿತ್ತು.

ಗಂಟಿನ ಮೇಲೆ ಅಂಗೈ ಇಟ್ಟೆ. ಒಂದು ಉಸಿರು ಕಳೆಯಿತು. ಎರಡು ಕಳೆಯಿತು. ಬಿಸಿ ಇರಲಿಲ್ಲ. ಬೆಳಗಿನ ಜಾವವೇ ಹೋಗಿರಬೇಕು. ಆಗ ಅವಳ ಪಕ್ಕದಲ್ಲಿ ಯಾರೂ ಇರಲಿಲ್ಲ.

“ಏನಮ್ಮ ನಿಂತ್ಕೊಂಡ್ರಿ? ಯಂತ್ರ ಖಾಲಿ ತಿರುಗ್ತಿದೆ” ಎಂದು ಮೇಸ್ತ್ರಿ ಕೂಗಿದ.

“ಇದು ನಮ್ಮಕ್ಕಂದು.”

ಅವನು ಹತ್ತಿರ ಬಂದ. ಮುಖ ಸಣ್ಣದಾಯಿತು. “ಛೇ, ಛೇ” ಎಂದ. ಗಡಿಯಾರ ನೋಡಿಕೊಂಡ. “ಇವತ್ತು ಇಬ್ಬರು ಬಂದಿಲ್ಲ ಅಮ್ಮ. ಈ ಒಂದು ಲೋಡು ಹಾಕಿಬಿಡಿ. ಆಮೇಲೆ ಹೋಗಿ, ನಾನು ಬೇಡ ಅನ್ನಲ್ಲ.”

“ಹಾಕಲ್ಲ.”

ಹನ್ನೆರಡು ವರ್ಷದಲ್ಲಿ ಆ ಪದ ನನ್ನ ಬಾಯಿಂದ ಅಲ್ಲಿ ಬಂದಿರಲಿಲ್ಲ. ನನಗೇ ಅಪರಿಚಿತವಾಗಿ ಕೇಳಿಸಿತು.

“ಏನಂದ್ರಿ?”

“ಹಾಕಲ್ಲ ಅಂದೆ. ಇದನ್ನ ನಾನು ಕುದಿಸಲ್ಲ. ಯಾರೂ ಕುದಿಸೋದು ಬೇಡ.”

ಯಂತ್ರಗಳ ಸದ್ದಿನಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಇಸ್ತ್ರಿಯ ಹುಡುಗಿ ತನ್ನ ಯಂತ್ರದ ಗುಂಡಿ ಒತ್ತಿ ಆರಿಸಿದಳು. ಮೇಸ್ತ್ರಿ ಅವರನ್ನು ನೋಡಿದ, ನನ್ನನ್ನು ನೋಡಿದ.

“ಸರಿ, ಬನ್ನಿ. ನಾನೇ ಬರ್ತೀನಿ. ಸಿಬ್ಬಂದಿ ಕಡೆಯವರು ಅಂದ್ರೆ ದೇಹ ಬೇಗ ಕೊಡ್ತಾರೆ” ಎಂದ.

ಗಂಟನ್ನು ಎದೆಗೆ ಹಿಡಿದುಕೊಂಡು ಅವನ ಹಿಂದೆ ನಡೆದೆ.

ಶವ ಬಿಟ್ಟುಕೊಡುವ ಕಡೆ ಒಂದು ಕಿಂಡಿ. ಕಿಂಡಿಯ ಆಚೆ ಒಬ್ಬ ಮನುಷ್ಯ, ಎದುರಿಗೆ ದೊಡ್ಡ ದಾಖಲೆ ಪುಸ್ತಕ. ಅವನು ಅಕ್ಕನ ಕಾರ್ಡು ನೋಡಿ ಬರೆಯುತ್ತಿದ್ದ. ಬರೆಯುತ್ತ ಬಾಯಲ್ಲೂ ಹೇಳಿಕೊಳ್ಳುತ್ತಿದ್ದ. “ಹೆಣ್ಣು. ವಿಧವೆ. ವಯಸ್ಸು ಐವತ್ತೇಳು.”

“ಅಲ್ಲ” ಎಂದೆ.

ಅವನು ತಲೆ ಎತ್ತಲಿಲ್ಲ. “ಯಾವುದು ಅಲ್ಲ?”

“ಅರವತ್ತೆಂಟು. ಅವಳಿಗೆ ಅರವತ್ತೆಂಟು.”

“ಕಾರ್ಡಲ್ಲಿ ಐವತ್ತೇಳಿದೆಯಲ್ಲಮ್ಮ.”

“ಅದು ಸುಳ್ಳು. ನಾವೇ ಹೇಳಿದ ಸುಳ್ಳು. ಕೆಲಸ ಕೊಡ್ಲಿ ಅಂತ.”

ಈಗ ತಲೆ ಎತ್ತಿದ. “ನಿಮಗೆ ಹೇಗೆ ಗೊತ್ತು?”

“ಒಂದೇ ಹೊಟ್ಟೇಲಿ ಒಂದೇ ದಿನ ಹುಟ್ಟಿದ್ವಿ. ಅವಳು ಒಂದು ಗಳಿಗೆ ಮುಂಚೆ. ನನಗೂ ಅರವತ್ತೆಂಟು.”

ಮೇಸ್ತ್ರಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ. ದನಿ ತಗ್ಗಿಸಿದ. “ಅಮ್ಮಾ, ದುಃಖದಲ್ಲಿ ಏನೇನೋ ಮಾತಾಡಬೇಡಿ. ನಾನು ಕೇಳಿಸ್ಕೊಂಡಿಲ್ಲ ಅಂತ ಇಟ್ಕೊಳ್ತೀನಿ. ನಿಮಗಿನ್ನೂ ಮೂರು ವರ್ಷ ಕೆಲಸ ಇದೆ. ಸತ್ತೋರಿಗೆ ವಯಸ್ಸು ಎಷ್ಟಾದ್ರೇನು?”

“ಬದುಕಿದ್ದಾಗಲೂ ನೀವು ಹಾಗೇ ಅಂದ್ರಿ.”

“ನಾನೇನಂದೆ?”

“ವಯಸ್ಸಿನ ಪ್ರಶ್ನೆ ಅಲ್ಲ ಅಂದ್ರಿ. ಕೈ ಏಳದಿದ್ರೆ ಮುದುಕಿ, ಕೊಡೋದು ಬಂದಾಗ ಇನ್ನೂ ಪ್ರಾಯದವಳು. ನಲವತ್ತೈದು ದಾಟಿದೋರ ಹೊಟ್ಟೆ ಹಸಿಯಲ್ಲ ಅಂತ ಬೋರ್ಡು ಹಾಕಿದ್ರಿ. ನಾವು ನಮ್ಮ ವರ್ಷ ಬಚ್ಚಿಟ್ಕೊಂಡು ಒಳಗೆ ಬಂದ್ವಿ. ನಾನೂ ನಿಮ್ಮ ಜೊತೆ ಸೇರ್ಕೊಂಡೆ, ಅವಳ ಬಾಯಿ ಮುಚ್ಚಿಸಿದೆ. ಸಾಕು. ನನ್ನ ಕೈ ಬಿಡಿ.”

ಅವನು ಕೈ ಬಿಟ್ಟ. ನಾನು ಮತ್ತೆ ಕಿಂಡಿಗೆ ಹೋದೆ.

“ತಿದ್ದಿದ್ರೆ ನಿಮ್ಮ ಹೇಳಿಕೆ ಬೇಕಾಗುತ್ತೆ” ಎಂದ ಬರೆಯುವವನು. “ಅದರಲ್ಲಿ ನಿಮ್ಮ ವಯಸ್ಸೂ ಹಾಕಬೇಕು, ಕೆಲಸ ಮಾಡೋ ಜಾಗಾನೂ ಹಾಕಬೇಕು. ಯೋಚನೆ ಮಾಡಿದ್ದೀರಾ?”

“ಹಾಕಿ. ಇನ್ನೊಂದು ಇದೆ. ಅವಳಿಗೆ ಮರೆವು ಇರಲಿಲ್ಲ. ಅದನ್ನೂ ಬರ್ಕೊಳ್ಳಿ.”

“ಅದಕ್ಕೆ ಇಲ್ಲಿ ಜಾಗ ಇಲ್ಲಮ್ಮ.”

“ನೀವು ಕೇಳಿಸ್ಕೊಂಡ್ರಾ?”

ಅವನು ನನ್ನನ್ನು ನೋಡಿದ. ಅವನ ತಲೆಯೂ ಅರ್ಧ ಹಣ್ಣಾಗಿತ್ತು. “ಕೇಳಿಸ್ಕೊಂಡೆ” ಎಂದ.

ಐವತ್ತೇಳರ ಮೇಲೆ ಒಂದು ಗೆರೆ ಎಳೆದ. ಪಕ್ಕದಲ್ಲಿ ಬರೆದ. ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದ. ಆರು, ಎಂಟು. ಸರಿಯಾಗಿತ್ತು. ಗಂಟನ್ನು ಎಡಗೈಗೆ ಬದಲಾಯಿಸಿಕೊಂಡು ಹೆಬ್ಬೆಟ್ಟು ಒತ್ತಿದೆ. ಮೊದಲನೆಯ ಸಲ ಬರೀ ಕಪ್ಪು ಮೂಡಿತು, ಗೆರೆ ಇಲ್ಲ. ಅವನು ಇನ್ನೊಮ್ಮೆ ಒತ್ತಿ ಎಂದ. ಇನ್ನೊಮ್ಮೆ, ಬಲವಾಗಿ, ಒತ್ತಿದೆ.

“ತಗೋ ಅಕ್ಕ, ನಿನ್ನ ಹನ್ನೊಂದು ವರ್ಷ” ಎಂದೆ. ಮೆಲ್ಲಗೆ. ಅವಳಿಗೆ ಮಾತ್ರ ಕೇಳುವಷ್ಟು.